ಮಿಷಿನ್ ಇಲ್ಲದ ಬೊಟೀಕ್

ಆ ಮದುವೆಯನ್ನು ಉಳಿಸಿದ್ದು ಒಂದು ಹೊಲಿಗೆ ಮಿಷಿನ್ ಅಂತ ಗುಬ್ಬಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಸುಳ್ಳು. ಆ ಮಿಷಿನ್ ಅವತ್ತು ಒಂದೇ ಒಂದು ಹೊಲಿಗೆ ಹಾಕಲಿಲ್ಲ, ಹಾಕುವ ಸ್ಥಿತಿಯಲ್ಲೂ ಇರಲಿಲ್ಲ. ನಡೆದದ್ದು ಇಷ್ಟೆ: ಒಂದು ಇಂಗ್ಲಿಷ್ ಪದವನ್ನು ನಾವೆಲ್ಲ ನಮಗೆ ಬಂದ ಹಾಗೆ ತಿಳಿದುಕೊಂಡು ಸಮುದ್ರದ ತನಕ ಹೋದೆವು. ಹೋದ ಮೇಲೆ, ಒಂದು ಮನೆಯವರು ಮುಚ್ಚಿಟ್ಟಿದ್ದ ಮಾತನ್ನು ಮುಚ್ಚಿಡುವುದಕ್ಕೆ ಆಗಲಿಲ್ಲ. ಮಿಕ್ಕಿದ್ದೆಲ್ಲ ಜನ ಸೇರಿಸಿಕೊಂಡದ್ದು.

ನನ್ನ ಹೆಸರು ನಂಜಮ್ಮ. ಹುಟ್ಟಿದ್ದು ಕುಣಿಗಲ್ ತಾಲ್ಲೂಕು, ಯಡಿಯೂರಿನ ಹತ್ತಿರದ ಹಳ್ಳಿ. ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಗುಬ್ಬಿಗೆ ಬಂದೆ, ಬಂದ ಮೇಲೆ ಹೊಲಿಗೆ ಕಲಿತೆ. ಗುಬ್ಬಿ ಪೇಟೆಯಲ್ಲಿ ಬ್ಲೌಸ್ ಹೊಲಿಯುತ್ತ ನಲವತ್ತು ವರ್ಷದ ಮೇಲಾಯಿತು. ನಾನು ಹೇಳುತ್ತಿರುವುದು ಕೊರೊನಾ ಮುಗಿದು, ಮುಂದಕ್ಕೆ ಹಾಕಿದ್ದ ಮದುವೆಗಳೆಲ್ಲ ಒಂದರ ಮೇಲೊಂದು ಬಂದ ವರ್ಷದ ಮಾತು. ಆ ವರ್ಷ ನನ್ನ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ, ಅಷ್ಟು ಬಟ್ಟೆ.

ಅಂಗಡಿಗೆ ಮೊದಲು ‘ಲೇಡೀಸ್ ಟೈಲರ್’ ಅಂತ ಬೋರ್ಡ್ ಇತ್ತು. ಮೊಮ್ಮಗಳು ಸಿಂಚನಾ ಅದನ್ನು ಕೀಳಿಸಿ ‘ಬೊಟೀಕ್’ ಅಂತ ಬರೆಸಿದಳು. ಒಳಗಡೆ ಅದೇ ಎರಡು ಮಿಷಿನ್, ಅದೇ ನಾನು, ರೇಟು ಮಾತ್ರ ಬೇರೆ. ತುಮಕೂರಿಗೆ ಹೋದರೂ ಅಷ್ಟೆ, ರಸ್ತೆಗೆ ನಾಲ್ಕು ಬೊಟೀಕ್. ಎಲ್ಲವೂ ಬ್ಲೌಸ್ ಹೊಲಿಯುವ, ಆರಿ ವರ್ಕಿನ ಕಸೂತಿ ಹಾಕುವ, ಸೆರಗಿಗೆ ಕುಚ್ಚು ಕಟ್ಟುವ ಅಂಗಡಿಗಳು. ನಮ್ಮ ಕಡೆ ಬೊಟೀಕ್ ಅಂದರೆ ಹೊಲಿಯುವ ಜಾಗ. ಎರಡನೇ ಅರ್ಥ ಇರಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ.

ಸುಜಾತ ಮೇಡಂ ಗುಬ್ಬಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರು. ನನ್ನ ಹಳೆಯ ಗಿರಾಕಿ. ಅವರ ಮಗಳು ಚೈತ್ರಾಳಿಗೆ ಕುಣಿಗಲ್ಲಿನ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಹುಡುಗನ ಹೆಸರು ಮಧು, ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರು. ಒಂದು ದಿನ ಮೇಡಂ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು.

“ನಂಜಮ್ಮಾರೆ, ಮದುವೆ ಛತ್ರದಲ್ಲಲ್ಲ. ಸಮುದ್ರದ ಪಕ್ಕ ಒಂದು ಬೊಟೀಕ್ ಹೋಟೆಲ್ ಇದೆಯಂತೆ, ಅಲ್ಲಿ. ಹುಡುಗನ ಅಕ್ಕ ಬುಕ್ ಮಾಡಿದಾಳೆ. ಎರಡೂ ಕಡೆ ಸೇರಿ ಒಂದು ಬಸ್ ಜನ, ಅಷ್ಟೆ.”

“ಬೊಟೀಕಾ, ಹೋಟ್ಲಾ?”

“ಎರಡೂ ಸೇರಿದಂಗೆ ಇರ್ಬೇಕು. ಈಗ ಮದುವೆಗೇ ಅಂತ ಮಾಡ್ತಾರಲ್ಲ, ಮೇಕಪ್ಪು, ಬ್ಲೌಸು, ಊಟ, ಎಲ್ಲಾ ಒಂದೇ ಕಡೆ. ನೀವೂ ಬರ್ಬೇಕು. ಒಂದು ಬ್ಲೌಸ್ ಕೆಲಸ ಇದೆ, ಅಲ್ಲೇ ಮಾಡ್ಬೇಕು.”

“ಇಲ್ಲೇ ಕೊಡಿ, ಮಾಡ್ಕೊಡ್ತೀನಿ.”

“ಇನ್ನೂ ನಮ್ಮ ಕೈಗೆ ಬಂದಿಲ್ಲ. ಹುಡುಗನ ಕಡೆಯವರು ಅಲ್ಲಿಗೇ ತರ್ತಾರೆ.”

ನಮ್ಮಲ್ಲಿ ಧಾರೆ ಸೀರೆ ಗಂಡಿನ ಕಡೆಯದು. ಈಗ ಸೀರೆಯ ಜೊತೆ ಬ್ಲೌಸನ್ನೂ ಅವರೇ ಹೊಲಿಸಿ ತರುವ ಚಾಳಿ ಬಂದಿದೆ. ಮಧುವಿನ ಅಕ್ಕ ರಮ್ಯ ಬೆಂಗಳೂರಿನಲ್ಲಿ ಆ ಬ್ಲೌಸ್ ಹೊಲಿಸಿದ್ದಳು. ಫೋಟೋ ಕಳಿಸಿದ್ದಳು, ಮೇಡಂ ತೋರಿಸಿದರು. ಕೆಲಸ ಚೆನ್ನಾಗಿತ್ತು. ಬೆನ್ನು ಮಾತ್ರ ಪೂರ್ತಿ ಓಪನ್, ಅಡ್ಡಕ್ಕೆ ಒಂದು ದಾರ, ದಾರದ ತುದಿಗೆ ಗೆಜ್ಜೆ.

“ಬೆನ್ನು ಮುಚ್ಚಬೇಕು. ಹುಡುಗಿಗೆ ನಾಚಿಕೆ” ಅಂದರು ಮೇಡಂ.

ಅದೇನು ದೊಡ್ಡ ಕೆಲಸವಲ್ಲ. ಉಳಿದ ಬಟ್ಟೆಯ ತುಂಡು ಜೊತೆಗೆ ಬರುತ್ತದೆ, ಅದನ್ನು ವರ್ಕಿನ ಅಂಚಿನೊಳಗೆ ತುಂಬಿಸಿ, ಲೈನಿಂಗ್ ಕೊಟ್ಟು ಮಿಷಿನ್ ಹಾಕಿದರೆ ಒಂದು ಗಂಟೆ. ಕೈಮಿಷಿನ್ ಬಸ್ಸಿನ ಸೀಟಿನ ಕೆಳಗೆ ಇಟ್ಟುಕೊಂಡು ಬರಲಾ ಅಂತ ಕೇಳಿದೆ. ಮೇಡಂ ನಕ್ಕರು. “ಬೊಟೀಕಿಗೆ ಮಿಷಿನ್ ಹೊತ್ಕೊಂಡು ಹೋದ್ರೆ ನಗ್ತಾರೆ ಅಷ್ಟೆ.” ನನಗೂ ಸರಿ ಅನ್ನಿಸಿತು. ಕತ್ತರಿ, ಟೇಪು, ಸೂಜಿ, ದಾರ, ಗುಂಡುಪಿನ್ನು ಮಾತ್ರ ಚೀಲಕ್ಕೆ ಹಾಕಿಕೊಂಡೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಚೈತ್ರಾಳ ಬ್ಲೌಸುಗಳನ್ನು ಅವಳು ಹೈಸ್ಕೂಲು ಮುಗಿಸಿದಾಗಿನಿಂದ ನಾನೇ ಹೊಲಿದಿದ್ದೇನೆ. ಆದರೆ ಒಂದು ಸಲವೂ ಅವಳಿಗೆ ಟೇಪು ಹಿಡಿದಿರಲಿಲ್ಲ. ಬರುತ್ತಿದ್ದುದು ಅವಳ ಅಳತೆ ಬ್ಲೌಸ್. ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸನ್ನು ಮಾದರಿಗೆ ಕೊಟ್ಟು ‘ಇದರ ಹಾಗೇ ಹೊಲಿಯಿರಿ’ ಅನ್ನುವುದು ನಮ್ಮ ಕಡೆ ವಾಡಿಕೆ. ಅರ್ಧಕ್ಕರ್ಧ ಹೆಂಗಸರು ಹಾಗೇ ಹೊಲಿಸುತ್ತಾರೆ. ಚೈತ್ರಾಳದ್ದು ಕುತ್ತಿಗೆಯ ತನಕ ಮುಚ್ಚಿದ, ಮೊಣಕೈವರೆಗೆ ತೋಳಿದ್ದ ಹಸಿರು ಕಾಟನ್ ಬ್ಲೌಸ್. ಮೇಡಮ್ಮೇ ತರುತ್ತಿದ್ದರು, ಮೇಡಮ್ಮೇ ವಾಪಸ್ ಒಯ್ಯುತ್ತಿದ್ದರು. ಹುಡುಗಿಗೆ ಹಳೇ ಕಾಲದ ರುಚಿ ಅಂತ ಅಂದುಕೊಂಡಿದ್ದೆ.

ಬಸ್ ಗುಬ್ಬಿಯಿಂದ ಹೊರಟು, ಕುಣಿಗಲ್ಲಿನಲ್ಲಿ ಗಂಡಿನ ಕಡೆಯವರನ್ನು ಹತ್ತಿಸಿಕೊಂಡು, ಯಡಿಯೂರಿನಲ್ಲಿ ತಿಂಡಿಗೆ ನಿಂತಿತು. ಮಧು ಮತ್ತು ರಮ್ಯ ಅವರದ್ದೇ ಕಾರಿನಲ್ಲಿ ಬಂದರು. ಹಾಸನ ದಾಟಿ ಘಾಟಿ ಇಳಿಯುವಾಗ ಅರ್ಧ ಬಸ್ಸು ವಾಂತಿ ಮಾಡಿತು. ನಾನು ಮಾಡಲಿಲ್ಲ. ಸಂಜೆ ಹೊತ್ತಿಗೆ ಹೋಟೆಲು ತಲುಪಿದೆವು.

ಹೋಟೆಲು ಅಂದರೆ ನಾನು ಕಟ್ಟಡ ಅಂದುಕೊಂಡಿದ್ದೆ. ಹೆಂಚಿನ ಹಳೆಯ ಮನೆ ಒಂದು, ಅದರ ಸುತ್ತ ತೆಂಗಿನ ಮರಗಳ ನಡುವೆ ಬಿಡಿಬಿಡಿಯಾಗಿ ಕೋಣೆಗಳು. ಎದುರಿಗೆ ಮರಳು, ಮರಳಿನಾಚೆ ಸಮುದ್ರ. ತೆಂಗಿನ ಸೀಮೆಯಿಂದ ಹೋದವರ ಕೈಗೆ ಎಳನೀರಿಗೆ ದಾಸವಾಳ ಸಿಕ್ಕಿಸಿ ಕೊಟ್ಟರು. ಕೋಣೆಗಳಿಗೆ ನಂಬರಿಲ್ಲ, ಮೀನಿನ ಹೆಸರು. ನನಗೆ ಬಂಗುಡೆ, ಮದುಮಗಳಿಗೆ ಅಂಜಲ್. ಸಸ್ಯಾಹಾರಿಯಾಗಿದ್ದ ಒಬ್ಬರು ಅತ್ತೆ ‘ಕಾಣೆ’ ಅನ್ನುವ ಕೋಣೆಯಲ್ಲಿ ಮಲಗುವುದಿಲ್ಲ ಅಂತ ಹಟ ಹಿಡಿದು, ಅದು ಮೀನಿನ ಹೆಸರಲ್ಲ, ಕಾಣೆಯಾದವರು ಅಂತ ಯಾರೋ ಹೇಳಿದ ಮೇಲೆ ಇನ್ನೂ ಹೆದರಿಕೊಂಡರು. ಹಾಸಿಗೆ ಅಷ್ಟು ಬೆಳ್ಳಗಿತ್ತೆಂದರೆ ಕೂರಲು ಮನಸ್ಸು ಬರುವುದಿಲ್ಲ. ಬಚ್ಚಲಿಗೆ ಸೂರಿಲ್ಲ, ಆಕಾಶ ಕಾಣುತ್ತದೆ. ಒಂದು ಮೊಳೆ ಇಲ್ಲ, ಬಟ್ಟೆ ನೇತುಹಾಕಲು. ದೀಪಗಳೆಲ್ಲ ಮಂಕು. ಮಂಕಾಗಿರುವುದೇ ಚೆಂದವಂತೆ.

ಹೋಟೆಲು ನೋಡಿಕೊಳ್ಳುವವನ ಹೆಸರು ಸದಾಶಿವ, ಅದೇ ಕಡೆಯವನು. ಕೈಕಾಲು ತೊಳೆದುಕೊಂಡು ಅವನ ಹತ್ತಿರ ಹೋದೆ.

“ಮಿಷಿನ್ ಎಲ್ಲೈತಪ್ಪ?”

“ಎಂತ ಮಿಷಿನ್ ಅಮ್ಮ? ವಾಷಿಂಗ್ ಮಿಷಿನಾ?”

“ಹೊಲಿಯೋ ಮಿಷಿನ್ನು. ಇದು ಬೊಟೀಕ್ ಅಲ್ವಾ?”

“ಹೌದಮ್ಮ, ಬೊಟೀಕ್ ಹೋಟೆಲ್.”

“ಮತ್ತೆ ಬೊಟೀಕಲ್ಲಿ ಹೊಲಿಯಲ್ವಾ?”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ತಡೆದುಕೊಂಡ, ಅದು ಅವನ ದೊಡ್ಡತನ. “ಅಲ್ಲ ಮಾರಾಯ್ರೆ, ಇದು ಆ ಬೊಟೀಕ್ ಅಲ್ಲ. ದೊಡ್ಡ ಹೋಟೆಲಲ್ಲಿ ನೂರು ರೂಮಿದ್ರೆ ನೂರೂ ಒಂದೇ ನಮೂನೆ. ಇಲ್ಲಿ ರೂಮು ಕಮ್ಮಿ, ಒಂದೊಂದು ಒಂದೊಂದು ನಮೂನೆ. ಅದಕ್ಕೆ ಬೊಟೀಕ್ ಅಂತ ಹೇಳುದು.”

“ಅಷ್ಟಕ್ಕೆ ಆ ಹೆಸರ್ಯಾಕೆ?”

“ಅದು ನಂಗೂ ಗೊತ್ತಿಲ್ಲ. ನಾನು ಕೆಲಸಕ್ಕೆ ಬರುವಾಗ್ಲೇ ಬೋರ್ಡ್ ಇತ್ತು.”

ಹಿಂದೆ ನಿಂತಿದ್ದ ಚೈತ್ರಾಳ ಸೋದರತ್ತೆ ತಲೆಯ ಮೇಲೆ ಕೈ ಹೊತ್ತು ಮೇಡಮ್ಮಿನ ಕಡೆ ತಿರುಗಿದಳು. “ಅಯ್ಯೋ, ನಾನು ಸೀರೆಗೆ ಫಾಲ್ಸೇ ಹಾಕ್ಸಿಲ್ಲ ಕಣಕ್ಕ! ಅಲ್ಲೇ ಬೊಟೀಕೈತೆ ಅಂದ್ಯಲ್ಲ!” ಅವಳೊಬ್ಬಳೇ ಅಲ್ಲ. ಒಬ್ಬಳು ಬ್ಲೌಸಿಗೆ ಹುಕ್ಕು ಹಾಕಿಸಿರಲಿಲ್ಲ, ಇನ್ನೊಬ್ಬಳು ತುಂಡು ಬಟ್ಟೆಯನ್ನೇ ತಂದಿದ್ದಳು. ಮೇಡಂ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದರಂತೆ, ಅವಸರ ಬೇಡ, ಅಲ್ಲೇ ಹೊಲಿಯುತ್ತಾರೆ ಅಂತ. ಎಲ್ಲರೂ ಮೇಡಮ್ಮಿನ ಮೇಲೆ ಬಿದ್ದರು. ಬೈದರು, ಆಮೇಲೆ ನಕ್ಕರು. ಮೇಡಂ ನಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ಒಂದು ಬ್ಲೌಸಿಗೆ ಇಷ್ಟು ಹೆದರುವುದುಂಟೇ ಅಂತ ನಾನು ನೋಡಿದೆ, ಕೇಳಲಿಲ್ಲ.

ಮದುವೆ ಮಾರನೆಯ ದಿನ, ಗೋಧೂಳಿ ಲಗ್ನ. ಅಂದರೆ ಸೂರ್ಯ ಮುಳುಗುವ ಹೊತ್ತು. ಬೆಳಿಗ್ಗೆ ನೀರುದೋಸೆ ತಿಂದು ಅಂಜಲ್ ಕೋಣೆಗೆ ಹೋದೆ. ಮೇಡಂ ಬಾಗಿಲು ಹಾಕಿ, ಬ್ಲೌಸ್ ಮತ್ತು ಉಳಿದ ತುಂಡು ಕೈಗಿಟ್ಟರು. ಜೊತೆಗೆ ಅದೇ ಹಸಿರು ಅಳತೆ ಬ್ಲೌಸ್.

“ಇದ್ರ ಮೇಲಿಟ್ಟು ಮಾಡಿ ನಂಜಮ್ಮಾರೆ.”

“ಆಗಲ್ಲ ಮೇಡಂ. ವರ್ಕ್ ಭಾರ ಐತೆ, ತುಂಡು ಚಿಕ್ಕದು. ಹುಡುಗಿ ಮೈಮೇಲೆ ಹಾಕ್ಸಿ ಬೆನ್ನು ನೋಡ್ಬೇಕು.”

“ಯಾವತ್ತೂ ಇದ್ರ ಮೇಲೇ ಮಾಡಿದೀರಲ್ಲ!”

“ಯಾವತ್ತೂ ಓಪನ್ ಬ್ಯಾಕ್ ಮುಚ್ಚಿಲ್ವಲ್ಲ.”

ಅವರು ಇನ್ನೇನೋ ಹೇಳಲು ಹೋದರು. ಚೈತ್ರ ಎದ್ದು ಬ್ಲೌಸ್ ತೆಗೆದುಕೊಂಡು ಬಚ್ಚಲಿಗೆ ಹೋದಳು. ಹಾಕಿಕೊಂಡು ಬಂದು ನನಗೆ ಬೆನ್ನು ಮಾಡಿ ನಿಂತಳು.

ಬಲಗಡೆ ಹೆಗಲಿನಿಂದ ಬೆನ್ನಿನ ನಡುವಿನ ತನಕ ಸುಟ್ಟ ಗಾಯದ ಕಲೆ. ನೈಲಾನ್ ಬಟ್ಟೆಗೆ ಇಸ್ತ್ರಿಪೆಟ್ಟಿಗೆ ತಗುಲಿದರೆ ಹೇಗೆ ಸುರುಟಿಕೊಳ್ಳುತ್ತದೋ ಹಾಗಿತ್ತು ಚರ್ಮ. ಹಳೆಯದು. ಬ್ಲೌಸಿನ ದಾರ ಸರಿಯಾಗಿ ಅದರ ಮೇಲೆ ಅಡ್ಡ ಬಂದಿತ್ತು.

“ನಾಲ್ಕು ವರ್ಷದವಳಿದ್ದಾಗ. ಬಚ್ಚಲು ಹಂಡೆಯ ಕುದಿಯೋ ನೀರು” ಅಂದರು ಮೇಡಂ. ಆಮೇಲೆ ದನಿ ತಗ್ಗಿಸಿದರು. “ಎರಡು ಸಂಬಂಧ ಇದ್ರಿಂದ್ಲೇ ತಪ್ಪೋಯ್ತು ನಂಜಮ್ಮಾರೆ. ಎರಡು ಸಲವೂ ಮೊದ್ಲೇ ಹೇಳಿದ್ದೆ. ಈ ಸಲ ಹೇಳ್ಲಿಲ್ಲ. ತಾಳಿ ಕಟ್ಟಿದ್ಮೇಲೆ ಗೊತ್ತಾದ್ರೆ ಗೊತ್ತಾಗ್ಲಿ.”

ಸರಿ ತಪ್ಪು ಹೇಳಲು ನಾನು ಹೋಗಿರಲಿಲ್ಲ. ಗಿರಾಕಿ ನಿಂತ ಮೇಲೆ ಕೇಳುವುದನ್ನು ಕೇಳಿದೆ. “ಬ್ಯಾಕ್ ಕ್ಲೋಸಾ, ಓಪನ್ನಾ?”

“ಕ್ಲೋಸ್” ಅಂದರು ಮೇಡಂ.

ಚೈತ್ರ ಏನೂ ಹೇಳಲಿಲ್ಲ.

ಮಿಷಿನ್ ಇದ್ದಿದ್ದರೆ ಬಾಗಿಲು ಹಾಕಿಕೊಂಡು ಒಂದು ಗಂಟೆಯಲ್ಲಿ ಮುಗಿಸಿ ಎದ್ದುಬಿಡುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈಹೊಲಿಗೆ ಹಾಗಲ್ಲ. ರೇಷ್ಮೆ ಜಾರುತ್ತದೆ, ಒಂದು ಹೆಜ್ಜೆ ಹಿಂದಕ್ಕೆ ಎರಡು ಹೆಜ್ಜೆ ಮುಂದಕ್ಕೆ ಹಾಕಿಕೊಂಡು ಹೋಗಬೇಕು. ಅಲ್ಲಿನ ಸೆಕೆಗೆ ಕೈ ಬೆವರುತ್ತದೆ, ಬೆವರಿದ ಕೈಯಲ್ಲಿ ಜರಿ ಮುಟ್ಟುವಂತಿಲ್ಲ. ಮಡಿಲಿಗೆ ಟವಲ್ಲು ಹಾಸಿ, ಹೊಲಿಗೆಗೊಮ್ಮೆ ಕೈ ಒರೆಸಿಕೊಂಡೆ. ಎಲ್ಲಕ್ಕಿಂತ ಹೆಚ್ಚಾಗಿ ಬೆಳಕು ಬೇಕು. ಆ ಕೋಣೆಯ ಮಂಕು ದೀಪದಲ್ಲಿ ನನ್ನ ಕಣ್ಣಿಗೆ ಸೂಜಿಯೇ ಕಾಣುತ್ತಿರಲಿಲ್ಲ. ಸಮುದ್ರದ ಕಡೆಯ ಗಾಜಿನ ಬಾಗಿಲು ತೆಗೆದು, ಹೊಸ್ತಿಲಿನಲ್ಲಿ ಕೂತೆ. ಮೇಡಂ ಬೇಡ ಅಂದರು. ನಾನು ಕೇಳಲಿಲ್ಲ.

ಹೊಸ್ತಿಲಿನಲ್ಲಿ ಕೂತದ್ದಕ್ಕೆ ರಮ್ಯ ನೋಡಿದಳು. ಮರಳಿನ ಕಡೆಯಿಂದ ಬರುತ್ತಿದ್ದವಳು ನಿಂತುಬಿಟ್ಟಳು.

“ಏನಜ್ಜಿ ಇದು, ಬೆನ್ನೇ ಮುಚ್ಚಿಬಿಡ್ತಿದೀರಾ?”

ಮೇಡಂ ಒಳಗಿನಿಂದ ಓಡಿಬಂದರು. “ಸಮುದ್ರದ ಗಾಳಿ ಅಲ್ವಾ ರಮ್ಯ, ಅವಳಿಗೆ ಶೀತ ಆಗುತ್ತೆ...”

“ಶೀತಾನಾ? ಈ ಸೆಕೆಯಲ್ಲಾ? ಆಂಟಿ, ನಾನು ಆಸೆಪಟ್ಟು ಡಿಸೈನ್ ಹುಡುಕಿ ಮಾಡ್ಸಿದ್ದು. ಇಷ್ಟ ಇಲ್ಲ ಅಂದ್ರೆ ಹೇಳ್ಬೌದಿತ್ತು. ನಮ್ಗೆ ಹೇಳ್ದೆ ಕದ್ದು ಕೂತು ಕೀಳ್ಸೋದು ಏನಿದೆ? ಇರಿ, ಮಧುನ ಕೇಳ್ತೀನಿ.”

ಆಗ ಚೈತ್ರ ಒಳಗಿನಿಂದ ಹೇಳಿದಳು. “ಅಕ್ಕ, ಅವರನ್ನ ಇಲ್ಲಿಗೇ ಕಳ್ಸಿ.”

ಮೇಡಂ ಅಡ್ಡ ಬಂದು ಬಾಗಿಲು ತುಂಬ ನಿಂತರು. ರಮ್ಯ ಹೋಗದ ಹಾಗೆ ನಿಂತರೋ, ಮಧು ಬರದ ಹಾಗೆ ನಿಂತರೋ, ಅವರಿಗೇ ಗೊತ್ತಿರಲಿಲ್ಲ. ನನಗೆ ಹೊಲಿಗೆ ಕಾಣಿಸುವುದು ನಿಂತುಹೋಯಿತು.

“ಮೇಡಂ, ಸರೀರಿ” ಅಂದೆ. “ಬೆಳಕಿಗೆ ಅಡ್ಡ ನಿಂತಿದೀರ.”

ಅವರು ಸರಿದರು. ರಮ್ಯ ಹೋದಳು.

ಮಧು ಬಂದ. ಉದ್ದನೆಯ ಹುಡುಗ, ಮಾತು ಕಮ್ಮಿ. ನಾನು ಎದ್ದು ಹೋಗೋಣ ಅಂದುಕೊಂಡೆ, ಮಡಿಲ ತುಂಬ ಪಿನ್ನು ಚುಚ್ಚಿದ ರೇಷ್ಮೆ, ಏಳಲು ಆಗಲಿಲ್ಲ. ಚೈತ್ರ ಹೆಗಲ ಮೇಲಿನ ವೇಲ್ ತೆಗೆದು, ಟಾಪಿನ ಕುತ್ತಿಗೆ ಸ್ವಲ್ಪ ಜಾರಿಸಿ ಅವನಿಗೆ ಬೆನ್ನು ಮಾಡಿದಳು.

“ಇದು” ಅಂದಳು.

“ಏನಾಗಿದ್ದು?”

“ಚಿಕ್ಕವಳಿದ್ದಾಗ. ಹಂಡೆ ನೀರು.”

“ನೋವಿದ್ಯಾ?”

“ಇಲ್ಲ. ಚಳಿಗಾಲದಲ್ಲಿ ಒಂದ್ಚೂರು ಎಳೆಯುತ್ತೆ.”

“ಆರು ತಿಂಗ್ಳಿಂದ ದಿನಾ ಫೋನಲ್ಲಿ ಮಾತಾಡಿದೀವಿ ಚೈತ್ರ. ಕ್ಯಾಂಟೀನಲ್ಲಿ ಏನ್ ತಿಂದೆ ಅನ್ನೋದನ್ನೂ ನಾನು ಹೇಳಿದೀನಿ. ನೀನು ಇದನ್ನ ಹೇಳ್ಲಿಲ್ಲ.”

“ಹೇಳ್ಬೇಕಿತ್ತು.”

“ಹೂಂ. ಹೇಳ್ಬೇಕಿತ್ತು.”

ಆಮೇಲೆ ಅವನು ನನ್ನ ಮಡಿಲು ನೋಡಿದ. “ಅಜ್ಜಿ, ಇಷ್ಟೂ ಕೈಯಲ್ಲೇನಾ?”

“ಮಿಷಿನ್ ಇಲ್ವಲ್ಲಪ್ಪ.”

ಮತ್ತೇನೂ ಹೇಳದೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ಕಾರು ಹೊರಟ ಸದ್ದು ಕೇಳಿಸಿತು.

ಕಾರಿನ ಸದ್ದು ಎಲ್ಲರಿಗೂ ಕೇಳಿಸಿತ್ತು. ಮದುಮಗ ಯಾರ ಹತ್ತಿರವೂ ಹೇಳದೆ ಹೋದ ಅನ್ನುವುದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕು? ಅಷ್ಟು ಸಣ್ಣ ಹೋಟೆಲು. ಫೋನು ಮಾಡಿದರೆ ಎತ್ತಲಿಲ್ಲ. ಸದಾಶಿವನೂ ಕಾಣಲಿಲ್ಲ. ಹುಡುಗನ ಅಪ್ಪ ತೆಂಗಿನ ಮರಗಳ ನಡುವೆ ಅತ್ತಿಂದಿತ್ತ ಓಡಾಡಿದರು. ಚೈತ್ರಾಳ ಅಪ್ಪ ಉಯ್ಯಾಲೆಯ ಮೇಲೆ ಕೂತವರು ಏಳಲಿಲ್ಲ.

ಮೇಡಂ ನನ್ನ ಮೇಲೆ ಬಿದ್ದರು. “ನೀವು ಒಳಗೆ ಕೂತಿದ್ರೆ ಇಷ್ಟಾಗ್ತಿತ್ತಾ? ಮೂರನೇದೂ ಹೋಯ್ತು. ನೆಮ್ಮದಿ ಆಯ್ತಾ ನಿಮ್ಗೆ?” ಅಂತ ಹೇಳಿ ನನ್ನ ಪಕ್ಕದಲ್ಲೇ ಕುಸಿದು ಕೂತು ಅಳಲು ಶುರು ಮಾಡಿದರು.

“ಅಳೋದಾದ್ರೆ ಆ ಕಡೆ ಹೋಗಿ ಅಳಿ ಮೇಡಂ. ರೇಷ್ಮೆ ಮೇಲೆ ನೀರು ಬಿದ್ರೆ ಕಲೆ ನಿಲ್ಲುತ್ತೆ” ಅಂದೆ.

ಇದನ್ನು ಆಮೇಲೆ ಗುಬ್ಬಿಯಲ್ಲಿ ನನ್ನ ಕಲ್ಲು ಮನಸ್ಸಿಗೆ ಸಾಕ್ಷಿಯಾಗಿ ಹೇಳಿಕೊಂಡು ತಿರುಗಿದರು. ಕಲೆ ನಿಲ್ಲುವುದು ನಿಜ.

ರಮ್ಯ ವಾಪಸ್ ಬಂದಳು. ಅವಳಿಗೆ ಅಷ್ಟರಲ್ಲಿ ಕಲೆಯ ವಿಷಯ ತಿಳಿದಿತ್ತು. ಹೊಸ್ತಿಲ ಆಚೆ ಮೆಟ್ಟಿಲ ಮೇಲೆ ಕೂತಳು. “ಒಂದು ಮಾತು ಹೇಳಿದ್ರೆ ನಾನು ಆ ಡಿಸೈನೇ ಮಾಡ್ಸ್ತಿರ್ಲಿಲ್ಲ ಆಂಟಿ” ಅಂದಳು. ನಾನು ಸೂಜಿಗೆ ದಾರ ಪೋಣಿಸಲು ತಿಣುಕುತ್ತಿದ್ದುದನ್ನು ನೋಡಿ ರಮ್ಯ ಕೈ ಚಾಚಿದಳು. ಅಲ್ಲಿಂದ ಮುಂದಕ್ಕೆ ಅವಳೇ ಪೋಣಿಸಿ ಕೊಟ್ಟಳು.

ಊಟದ ಹೊತ್ತಾಯಿತು. ಯಾರೂ ಹೋಗಲಿಲ್ಲ. ನಾನು ಹೊಲಿಗೆ ನಿಲ್ಲಿಸಿ ಚೈತ್ರಾಳ ಮುಖ ನೋಡಿದೆ. “ಮದ್ವೆ ನಡೀದಿದ್ರೆ ಈ ಬ್ಲೌಸ್ ಯಾಕವ್ವ? ನಿಲ್ಲುಸ್ಲಾ?”

“ನಂಗೆ ಅಂತ ಹೊಲೀತಿದೀರಲ್ಲ ಅಜ್ಜಿ. ಮುಗ್ಸಿ” ಅಂದಳು.

ಅವಳು ಅತ್ತಿರಲಿಲ್ಲ. ಆ ಹುಡುಗಿಯ ಬಗ್ಗೆ ನನಗೆ ಮರ್ಯಾದೆ ಬಂದದ್ದು ಆಗ.

ಬಿಸಿಲು ಸಮುದ್ರದ ಕಡೆ ವಾಲಿದ ಮೇಲೆ ಕಾರು ಬಂತು. ಮಧು ಮತ್ತು ಸದಾಶಿವ ಹಿಂದಿನ ಬಾಗಿಲು ತೆಗೆದು ಏನನ್ನೋ ಎತ್ತಿಕೊಂಡು ಮರಳಿನ ಮೇಲೆ ಕಾಲು ಹೂಳುತ್ತ ಬಂದರು. ತಂದು ನನ್ನ ಮುಂದೆ ಇಳಿಸಿದರು. ಮರದ ಪೀಠದ ಮೇಲಿನ ಕರಿಯ ಕೈಮಿಷಿನ್, ಹಳೆಯದು.

“ತಗೊಳ್ಳಿ ಅಜ್ಜಿ” ಅಂದ ಮಧು. ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. “ಮೂರೂರು ಸುತ್ತಿದ್ವಿ. ಅಂಗಡಿಯವ್ರು ಯಾರೂ ಕೊಡಲ್ಲ ಅಂದ್ರು. ಕೊನೆಗೆ ಸದಾಶಿವಣ್ಣನ ಪರಿಚಯದವ್ರ ಮನೇಲಿ ಸಿಕ್ತು. ಫೋನು ಇಲ್ಲೇ ರೂಮಲ್ಲಿ ಬಿಟ್ಟೋಗಿದ್ದೆ.”

ಎಲ್ಲರೂ ಬಂದು ಸುತ್ತ ನಿಂತರು. ನಾನು ಚಕ್ರ ಹಿಡಿದು ತಿರುಗಿಸಿದೆ. ತಿರುಗಲಿಲ್ಲ. ಎರಡೂ ಕೈ ಹಾಕಿದೆ. ಅಲ್ಲಾಡಲಿಲ್ಲ. ಕೆಳಗಡೆ ಬಗ್ಗಿ ನೋಡಿದರೆ ಹಲ್ಲುಗಳೆಲ್ಲ ಕೆಂಪಗೆ ತುಕ್ಕು.

“ಇದು ತಿರುಗಲ್ಲ ಕಣಪ್ಪ.”

“ತಿರುಗಲ್ವಾ?”

“ಉಪ್ಪು ಗಾಳಿ ತಿಂದಾಕೈತೆ. ಎಷ್ಟ್ ವರ್ಷದಿಂದ ಮೂಲೇಲಿತ್ತೋ.”

ಬೆಳಿಗ್ಗೆ ಆ ಕಲೆ ನೋಡಿದಾಗಲೂ ಅವನ ಮುಖ ಅಷ್ಟು ಇಳಿದಿರಲಿಲ್ಲ. ಫ್ಯಾಕ್ಟರಿಯಲ್ಲಿ ಮಿಷಿನ್ ನೋಡಿಕೊಳ್ಳುವ ಇಂಜಿನಿಯರು, ಮೂರೂರು ಸುತ್ತಿ, ಚಕ್ರ ಒಂದು ಸಲ ತಿರುಗಿಸಿ ನೋಡದೆ ಹೊತ್ತು ತಂದಿದ್ದ. ಅಷ್ಟು ಗಾಬರಿಯಲ್ಲಿದ್ದ. ಚೈತ್ರಾಳಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಅವಳು ನಕ್ಕದ್ದು ನೋಡಿ ರಮ್ಯ, ರಮ್ಯಳನ್ನು ನೋಡಿ ಸದಾಶಿವ.

“ಬೆಳಿಗ್ಗೆ ಏನು ಮಾತಾಡ್ಬೇಕು ಅಂತ ಗೊತ್ತಾಗ್ಲಿಲ್ಲ” ಅಂದ ಮಧು ಅವಳಿಗೆ. “ಸಿಟ್ಟೂ ಬಂದಿತ್ತು. ಅಜ್ಜಿ ಕೈ ನಡುಗ್ತಿತ್ತು, ಅದೊಂದು ಕಾಣ್ತು. ಅದಕ್ಕೆ ಹೋದೆ.”

“ನನ್ ಕೈ ನಡುಗಲ್ಲ” ಅಂದೆ ನಾನು. ಯಾರೂ ಕೇಳಿಸಿಕೊಳ್ಳಲಿಲ್ಲ.

“ಹೋಗೋವಾಗ ಒಂದು ಮಾತು ಹೇಳಿ ಹೋಗ್ಬೇಕಿತ್ತು” ಅಂದಳು ಚೈತ್ರ.

“ಹೂಂ. ಹೇಳ್ಬೇಕಿತ್ತು.”

ಅಲ್ಲಿಗೆ ಇಬ್ಬರ ಲೆಕ್ಕ ಸಮವಾಯಿತು. ಮೇಡಂ ಎದ್ದು ಹುಡುಗನ ಅಪ್ಪನ ಹತ್ತಿರ ಹೋದರು. ಅವರಿಬ್ಬರು ಏನು ಮಾತಾಡಿದರು ನನಗೆ ಗೊತ್ತಿಲ್ಲ. ದೂರದಿಂದ ಕಂಡದ್ದು, ಮೇಡಂ ಕೈ ಮುಗಿದದ್ದು, ಅವರು ಮುಖ ಗಂಟು ಹಾಕಿಕೊಂಡೇ ‘ಆಯ್ತು ಬನ್ನಿ, ಹೊತ್ತಾಯ್ತು’ ಅನ್ನುವ ಹಾಗೆ ಕೈ ಆಡಿಸಿದ್ದು. ಆ ಗಂಟು ಬಿಡಲು ಇನ್ನೂ ಕೆಲವು ತಿಂಗಳು ಹಿಡಿಯಿತಂತೆ. ಅದು ಸಹಜ.

ನಾನು ಚೈತ್ರಾಳನ್ನು ಕರೆದೆ. “ಈಗ ಹೇಳವ್ವ. ಬೆಳಿಗ್ಗೆ ಕೇಳಿದ್ದಕ್ಕೆ ನಿಮ್ಮಮ್ಮ ಹೇಳಿದ್ರು, ನೀನು ಹೇಳ್ಲಿಲ್ಲ. ಕ್ಲೋಸಾ, ಓಪನ್ನಾ? ಒಂದು ಬದಿ ಉಳಿದೈತೆ. ಬೇಡ ಅಂದ್ರೆ ಬಿಚ್ಚೋದು ಸುಲಭ.”

ಅವಳು ಯೋಚನೆ ಮಾಡಿದಳು. “ಕ್ಲೋಸೇ ಇರ್ಲಿ ಅಜ್ಜಿ. ನಂಗೆ ಮೊದ್ಲಿಂದ್ಲೂ ಬೆನ್ನ ಮೇಲೆ ದಾರ ಜೋತಾಡೋದು ಇಷ್ಟ ಇಲ್ಲ.” ಆಮೇಲೆ ರಮ್ಯಳ ಕಡೆ ತಿರುಗಿ, “ಸಾರಿ ಅಕ್ಕ.”

“ಆ ಗೆಜ್ಜೆನಾದ್ರೂ ಎಲ್ಲಾದ್ರೂ ಹಾಕಿ ಅಜ್ಜಿ” ಅಂದಳು ರಮ್ಯ. ಸೊಂಟದ ಹತ್ತಿರ, ಸೀರೆ ಸಿಕ್ಕಿಸುವ ಕಡೆ ಹಾಕಿಕೊಟ್ಟೆ.

ಲಗ್ನಕ್ಕೆ ಮುಂಚೆ ಬ್ಲೌಸ್ ಮುಗಿಯಿತು. ಮಂಟಪ ಮರಳಿನ ಮೇಲಲ್ಲ, ತೆಂಗಿನ ಮರಗಳ ನಡುವೆ ಹಾಕಿದ್ದರು. ಗಾಳಿಗೆ ಪುರೋಹಿತರ ಶಲ್ಯ ನಿಲ್ಲುತ್ತಿರಲಿಲ್ಲ. ಫಾಲ್ಸ್ ಇಲ್ಲದ ಸೀರೆಗಳೆಲ್ಲ ಗಾಳಿಪಟದ ಹಾಗೆ ಎದ್ದವು, ಹೆಂಗಸರು ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದು ಕೈಯಲ್ಲಿ ನೆರಿಗೆ ಹಿಡಿದುಕೊಂಡು ನಿಂತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಮದುಮಗಳ ಬೆನ್ನನ್ನೇ ನೋಡಿದೆ. ಎಡಗಡೆ ಹೆಗಲ ಹತ್ತಿರ ಒಂದು ಹೊಲಿಗೆ ಸ್ವಲ್ಪ ಎದ್ದಿತ್ತು. ಬೇರೆ ಯಾರಿಗೂ ಕಾಣಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದನ್ನು ಹೇಳು ಅಂದರೆ ಇದನ್ನೇ ಹೇಳುತ್ತೇನೆ. ಅಳತೆ ಬ್ಲೌಸ್ ಹೇಳುವುದು ಕೊಟ್ಟವರಿಗೆ ಬೇಕಾದಷ್ಟನ್ನು ಮಾತ್ರ. ಅದರ ಹಾಗೇ ಹೊಲಿದರೆ ಅದರ ಹಾಗೇ ಇನ್ನೊಂದು ಬರುತ್ತದೆ, ಅದರೊಳಗಿನ ಮನುಷ್ಯಳು ಯಾರು ಅಂತ ಹೊಲಿಯುವವಳಿಗೆ ಗೊತ್ತಾಗುವುದಿಲ್ಲ. ಈಗ ನಾನು ಮದುವೆ ಬ್ಲೌಸಿಗೆ ಅಳತೆ ಬ್ಲೌಸ್ ತೆಗೆದುಕೊಳ್ಳುವುದಿಲ್ಲ. ಹುಡುಗಿಯೇ ಬರಬೇಕು, ಒಬ್ಬಳೇ ಒಳಗೆ ಬರಬೇಕು, ಕ್ಲೋಸಾ ಓಪನ್ನಾ ಅಂದರೆ ಅವಳೇ ಹೇಳಬೇಕು. ಅಮ್ಮಂದಿರು ಆಚೆ ಸ್ಟೂಲ್ ಮೇಲೆ ಕೂರಬೇಕು. ಇದರಿಂದ ಕೆಲವು ಗಿರಾಕಿಗಳು ಹೋದರು. ಹೋಗಲಿ.

ಮಾರನೆಯ ಬೆಳಿಗ್ಗೆ ಬಸ್ ಹೊರಡುವುದಕ್ಕೆ ಮುಂಚೆ ನಾನು ಆ ಕೈಮಿಷಿನ್ ಬಿಚ್ಚಿಕೊಂಡು ಬಂಗುಡೆ ಕೋಣೆಯ ಮೆಟ್ಟಿಲ ಮೇಲೆ ಕೂತೆ. ಯಾರದೋ ಮನೆಯಿಂದ ತಂದ ಮಿಷಿನ್ನನ್ನು ತುಕ್ಕು ಹಿಡಿದ ಹಾಗೇ ವಾಪಸ್ ಕಳಿಸಲು ನನಗೆ ಆಗುವುದಿಲ್ಲ. ಸದಾಶಿವ ದೋಣಿಯವರ ಹತ್ತಿರ ಸೀಮೆಎಣ್ಣೆಯನ್ನೂ ಗ್ರೀಸನ್ನೂ ಇಸ್ಕೊಂಡು ಬಂದು ಕೊಟ್ಟ. ಚೈತ್ರ ಬಂದು ಎದುರಿಗೆ ನಿಂತಳು. ತುಮಕೂರಿನ ರಿಸೆಪ್ಷನ್ನಿಗೆ ಬ್ಲೌಸ್ ಬೇಕು, ಅಳತೆ ತಗೊಳ್ಳಿ ಅಂದಳು. ಕೈ ತೊಳೆದುಕೊಂಡು ಬಂದು ಟೇಪು ತೆಗೆದೆ. ಹೆಗಲು, ಬೆನ್ನಿನ ಅಗಲ, ತೋಳು, ಸುತ್ತಳತೆ. ಟೇಪು ಆ ಸುರುಟಿದ ಚರ್ಮದ ಮೇಲೂ ಮಿಕ್ಕ ಮೈಯ ಮೇಲೂ ಒಂದೇ ಸಮ ಕೂತಿತು. ಹಸಿರು ಬ್ಲೌಸಿನ ಅಳತೆಗೂ ಅವಳ ಮೈಗೂ ಎಲ್ಲ ಕಡೆಯೂ ವ್ಯತ್ಯಾಸವಿತ್ತು. ಇಷ್ಟು ವರ್ಷ ಅವಳು ಬಿಗಿಯಾದ ಬ್ಲೌಸ್ ಹಾಕಿಕೊಂಡು ಓಡಾಡಿದ್ದಳು.

ಆ ಹಸಿರು ಬ್ಲೌಸ್ ಇನ್ನೂ ನನ್ನ ಚೀಲದಲ್ಲಿತ್ತು. ತೆಗೆದು ತೋರಿಸಿದೆ. “ಇದನ್ನೇನ್ ಮಾಡ್ಲಿ?”

“ಏನಾದ್ರೂ ಮಾಡಿ ಅಜ್ಜಿ” ಅಂದಳು. ಮಧು ಕರೆಯುತ್ತಿದ್ದ, ಹೋದಳು.

ಹಳೆಯ ಕಾಟನ್, ಚೆನ್ನಾಗಿ ಮೆತ್ತಗಾಗಿತ್ತು. ಬೆನ್ನಿನ ನಡುವೆ ಕತ್ತರಿ ಹಾಕಿ ಎರಡು ತುಂಡಾಗಿ ಹರಿದೆ. ಒಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ ತುಕ್ಕು ಉಜ್ಜಿದೆ, ಇನ್ನೊಂದರಲ್ಲಿ ಒರೆಸಿದೆ.